ನಿಂತುಹೋದ ಆರ್‌ಎಕ್ಸ್ 100 ಬೈಕನ್ನು ಮನೆಯಲ್ಲೇ ತೊಳೆದು ಓಡಿಸುವ ಬಗೆ

1980ರ ದಶಕದ ನಡುವಿನಲ್ಲಿ ನಮ್ಮ ರಸ್ತೆಗಳಿಗೆ ಜಪಾನೀ ತಂತ್ರಜ್ಞಾನದ ನೂರು ಸಿಸಿ ಬೈಕುಗಳು ಒಂದರ ಹಿಂದೊಂದು ಬಂದವು. ಹೊಸೂರಿನಲ್ಲಿ ತಯಾರಾದ ಇಂಡ್-ಸುಜುಕಿ, ಫೋರ್ ಸ್ಟ್ರೋಕ್ ಎಂಜಿನ್ನಿನ ಹೀರೋ ಹೋಂಡಾ ಸಿಡಿ 100, ಬಜಾಜ್ ತಂದ ಕವಾಸಾಕಿ ಕೆಬಿ 100, ಮತ್ತು ಎಸ್ಕಾರ್ಟ್ಸ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ಬಿಟ್ಟ ಯಮಹಾ ಆರ್‌ಎಕ್ಸ್ 100. ಇವುಗಳಲ್ಲಿ ಇಂದಿಗೂ ಅತಿ ಹೆಚ್ಚು ಪ್ರೀತಿ ಉಳಿಸಿಕೊಂಡಿರುವುದು ಕೊನೆಯದು. 50 ಮಿಲಿಮೀಟರ್ ಬೋರ್, ಅಷ್ಟೇ ಸ್ಟ್ರೋಕ್, 98 ಸಿಸಿ ಸಾಮರ್ಥ್ಯ, ಸುಮಾರು 11 ಅಶ್ವಶಕ್ತಿ, ನೂರು ಕಿಲೋ ಚಿಲ್ಲರೆ ತೂಕ, ಲೆಕ್ಕ ಇಷ್ಟೇ. 1996ರಲ್ಲಿ ಇದರ ತಯಾರಿಕೆ ನಿಂತಿತು. ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆಗೆ ಆಯಿಲನ್ನೂ ಉರಿಸುವ ಎಂಜಿನ್ನಿನ) ಬೈಕುಗಳನ್ನು ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯೂ ಅದೇ ವರ್ಷ ಬಾಗಿಲು ಮುಚ್ಚಿದ್ದರಿಂದ, ಕರ್ನಾಟಕದ ಟೂ ಸ್ಟ್ರೋಕ್ ಪ್ರೇಮಿಗಳಿಗೆ 1996 ಎಂದರೆ ಇಂದಿಗೂ ಒಂದು ಸಂಕಟ.

ಹಾಗೆ ನಿಂತ ಗಾಡಿಗಳಲ್ಲಿ ಎಷ್ಟೋ ಇನ್ನೂ ಮನೆಯ ಹಿಂಬದಿಯಲ್ಲಿ, ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ ಇವೆ. ಅಂಥದ್ದೊಂದನ್ನು ಮನೆಯಲ್ಲೇ ಸ್ವಚ್ಛಗೊಳಿಸಿ ಮತ್ತೆ ರಸ್ತೆಗಿಳಿಸುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ. ಉದಾಹರಣೆಗೆ ಆರ್‌ಎಕ್ಸ್ 100 ಅನ್ನು ಇಟ್ಟುಕೊಂಡಿದ್ದರೂ, ಇಂಡ್-ಸುಜುಕಿ ಅಥವಾ ಕೆಬಿ 100 ಇರುವವರಿಗೂ ಇದರ ಹೆಚ್ಚಿನ ಭಾಗ ಹಾಗೆಯೇ ಅನ್ವಯಿಸುತ್ತದೆ.

ನನ್ನ ಸೋದರಮಾವನ 1991ರ ಗಾಡಿ ತೀರ್ಥಹಳ್ಳಿ ಕಡೆಯ ಅವರ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಒಂಬತ್ತು ವರ್ಷ ನಿಂತಿತ್ತು. ಅದನ್ನು ತರಲು ಹೋದ ದಿನವೇ ನಾನು ಬದಲಿಸಬೇಕಾದ ಭಾಗಗಳ ಉದ್ದ ಪಟ್ಟಿ ಮಾಡಿಕೊಂಡಿದ್ದೆ. ಮಾವ ಅದನ್ನು ನೋಡಿ, "ಏನೂ ಬಿಸಾಡ್ಬೇಡ ಮಾರಾಯ, ಮೊದಲು ತೊಳೆದು ನೋಡು" ಎಂದರು. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಮಾತಿನ ವಿಸ್ತಾರವೇ. ತೊಳೆಯುವುದು ಮೊದಲು, ಬಿಚ್ಚುವುದು ಆಮೇಲೆ, ಬದಲಿಸುವುದು ಎಲ್ಲಕ್ಕಿಂತ ಕೊನೆಗೆ. ಮೂವತ್ತು ವರ್ಷ ಹಳೆಯ ಒರಿಜಿನಲ್ ಭಾಗವೊಂದು ತುಕ್ಕು ಹಿಡಿದಿದ್ದರೂ, ಇಂದು ಅಂಗಡಿಯಲ್ಲಿ ಸಿಗುವ ಡೂಪ್ಲಿಕೇಟ್ ಭಾಗಕ್ಕಿಂತ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ.

ಕೈ ಹಾಕುವ ಮುನ್ನ

ಮಳೆಗಾಲದಲ್ಲಿ ಈ ಕೆಲಸ ಆರಂಭಿಸಬೇಡಿ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಉಜ್ಜಿ ಹೊಳಪು ತಂದ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ದೀಪಾವಳಿ ಕಳೆದ ಮೇಲೆ, ಬಿಸಿಲು ಗಟ್ಟಿಯಾಗಿರುವ ದಿನಗಳಲ್ಲಿ, ಮೇಲೆ ಮಾಡು ಇದ್ದು ಮೂರು ಕಡೆ ಗಾಳಿಯಾಡುವ ಜಾಗವನ್ನು ಆರಿಸಿಕೊಳ್ಳಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ನೆಲದಲ್ಲೇ ಹರಡಿ ದೂರದವರೆಗೆ ಹೋಗುತ್ತದೆ. ಆದ್ದರಿಂದ ಒಲೆ, ದೇವರ ದೀಪ, ಬಚ್ಚಲ ಹಂಡೆಯ ಬೆಂಕಿ ಯಾವುದೂ ಹತ್ತಿರದಲ್ಲಿರಬಾರದು.

ಸಲಕರಣೆಗಳಲ್ಲಿ 8ರಿಂದ 19 ಎಂಎಂವರೆಗಿನ ರಿಂಗ್ ಸ್ಪ್ಯಾನರ್‌ಗಳು, ಒಂದು ಬಾಕ್ಸ್ ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಇಕ್ಕಳ, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜ್, ಹಿತ್ತಾಳೆ ತಂತಿಯ ಬ್ರಷ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ಗಳು ಬೇಕು. ಇವುಗಳ ಜೊತೆಗೆ, ಜನ ಸಾಮಾನ್ಯವಾಗಿ ಕೊಳ್ಳದ ಒಂದು ಉಪಕರಣವನ್ನು ಖಂಡಿತ ಕೊಳ್ಳಿ: ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಆರ್‌ಎಕ್ಸ್ 100ರ ಎಂಜಿನ್ ಕವರುಗಳನ್ನು ಹಿಡಿದಿರುವ ಪ್ಲಸ್ ತಲೆಯ ಸ್ಕ್ರೂಗಳು ಜಪಾನೀ ಅಳತೆಯವು. ನಮ್ಮ ಸಾಧಾರಣ ಸ್ಟಾರ್ ಸ್ಕ್ರೂ ಡ್ರೈವರ್ ಅವುಗಳ ತಳ ಮುಟ್ಟುವುದಿಲ್ಲ. ಬಲ ಹಾಕಿದ ಕೂಡಲೇ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆಯನ್ನು ಉಜ್ಜಿಹಾಕುತ್ತದೆ. ಹಳೆಯ ಗಾಡಿಗಳ ಕವರುಗಳ ಮೇಲೆ ಕಾಣುವ ಉಳಿಯ ಗಾಯಗಳೆಲ್ಲ ಹೀಗೆ ತಲೆ ಕೆಟ್ಟ ಸ್ಕ್ರೂಗಳನ್ನು ಯಾರೋ ಹೊಡೆದು ಬಿಚ್ಚಿದ ಗುರುತುಗಳು. ಇಂಪ್ಯಾಕ್ಟ್ ಡ್ರೈವರ್ ಇಟ್ಟು ನೇರವಾಗಿ ಎರಡು ಏಟು ಕೊಟ್ಟರೆ ಅದೇ ಸ್ಕ್ರೂ ತಲೆ ಕೆಡದೆ ಸಡಿಲಾಗುತ್ತದೆ.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕೇಬಲ್ಲುಗಳು ಫ್ರೇಮಿನ ಯಾವ ಬದಿಯಿಂದ ಹಾದುಹೋಗಿವೆ, ವೈರಿನ ಯಾವ ಬಣ್ಣ ಯಾವುದಕ್ಕೆ ಸೇರಿದೆ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿರಬೇಕು. ಎಂಜಿನ್ ಕೇಸಿನ ಮೇಲಿನ ನಂಬರನ್ನೂ ಹ್ಯಾಂಡಲಿನ ಕೆಳಗೆ ಫ್ರೇಮಿನ ಕತ್ತಿನ ಮೇಲೆ ಕೊರೆದಿರುವ ಚಾಸಿಸ್ ನಂಬರನ್ನೂ ಆರ್‌ಸಿ ಪುಸ್ತಕದೊಂದಿಗೆ ಈಗಲೇ ತಾಳೆ ನೋಡಿ. ಆರ್‌ಎಕ್ಸ್ 100ರ ನಂಬರು 1ಎಲ್1 ಎಂದು ಆರಂಭವಾಗುತ್ತದೆ. ನಂಬರು ಹೊಂದದ ಗಾಡಿಗೆ ದುಡ್ಡು ಸುರಿದ ಮೇಲೆ ಆರ್‌ಟಿಓ ಕಚೇರಿಯಲ್ಲಿ ಅಳುವುದಕ್ಕಿಂತ, ಆ ಗಾಡಿಯನ್ನು ಮುಟ್ಟದೆ ಬಿಡುವುದು ಒಳ್ಳೆಯದು.

ಮೊದಲ ತೊಳೆತ

ನೀರು ಹಾಕುವ ಮುಂಚೆ ಸೈಲೆನ್ಸರಿನ ಬಾಯಿ, ಏರ್ ಫಿಲ್ಟರಿನ ಬಾಯಿ ಮತ್ತು ಇಗ್ನಿಷನ್ ಬೀಗಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬ್ಯಾಟರಿ ಇದ್ದರೆ ತೆಗೆದಿಡಿ. ಅನಂತರ ಎಂಜಿನ್ನಿನ ಸುತ್ತ, ಚೈನ್ ಕವರಿನ ಒಳಗೆ, ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೆಳಗೆ ಗಟ್ಟಿಯಾಗಿ ಅಂಟಿರುವ ಎಣ್ಣೆ ಮಣ್ಣನ್ನು ಬಿದಿರ ಸೀಳಿನಿಂದ ಕೆರೆದು ತೆಗೆಯಿರಿ. ಬಿದಿರು ಅಲ್ಯೂಮಿನಿಯಮ್ಮಿಗೆ ಗೀರು ಹಾಕುವುದಿಲ್ಲ. ಸ್ಕ್ರೂ ಡ್ರೈವರ್ ಹಾಕುತ್ತದೆ. ಈ ಮಣ್ಣನ್ನು ಬೈದುಕೊಳ್ಳಬೇಡಿ. ಎಣ್ಣೆ ಬೆರೆತ ಮಣ್ಣು ಕೂತ ಜಾಗದಲ್ಲಿ ಲೋಹಕ್ಕೆ ತುಕ್ಕು ಹಿಡಿದಿರುವುದಿಲ್ಲ. ಮಾವನ ಗಾಡಿಯ ಸ್ವಿಂಗ್ ಆರ್ಮಿನ ಅಡಿಯಿಂದ ಅರ್ಧ ಬೆರಳು ದಪ್ಪದ ಕರಿ ಪದರ ಎದ್ದುಬಂದಾಗ, ಅದರ ಕೆಳಗಿನ ಕಪ್ಪು ಬಣ್ಣ ಕಾರ್ಖಾನೆಯಿಂದ ಬಂದ ದಿನದ ಹಾಗೆಯೇ ಇತ್ತು.

ಕೆರೆದ ಮೇಲೆ ಉಳಿದ ಜಿಡ್ಡಿಗೆ ಸೀಮೆಎಣ್ಣೆ ಹಚ್ಚಬೇಕು. ಅದು ಈಗ ಸುಲಭವಾಗಿ ಸಿಗದಿರುವುದರಿಂದ ಡೀಸೆಲ್ ಕೂಡ ಆಗುತ್ತದೆ. ತೊಳೆಯಲು ಪೆಟ್ರೋಲನ್ನು ಮಾತ್ರ ಬಳಸಬೇಡಿ. ಬ್ರಷ್ಷಿನಿಂದ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಉಜ್ಜಿ, ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆಯಿರಿ. ಎಂಜಿನ್ನಿನ ರೆಕ್ಕೆಗಳ ನಡುವೆ ಹಲ್ಲುಜ್ಜುವ ಬ್ರಷ್ ಹೋಗುತ್ತದೆ. ಈ ರೆಕ್ಕೆಗಳು ಗಾಳಿಯಿಂದ ಎಂಜಿನ್ನನ್ನು ತಂಪಾಗಿಡುವಂಥವು; ಅವುಗಳ ನಡುವಿನ ಮಣ್ಣು ಬರೀ ಅಂದಗೇಡಲ್ಲ, ಎಂಜಿನ್ ಬಿಸಿಯಾಗಿ ಹಿಡಿದುಕೊಳ್ಳುವುದಕ್ಕೂ ಅದು ಕಾರಣವಾಗುತ್ತದೆ. ವಾಟರ್ ಸರ್ವೀಸಿನ ಜೋರು ಪೈಪನ್ನು ಚಕ್ರದ ಬೇರಿಂಗು, ಹ್ಯಾಂಡಲಿನ ಕೋನ್ ಸೆಟ್ಟು ಮತ್ತು ವೈರುಗಳ ಕಡೆ ಹಿಡಿಯಬಾರದು. ತೊಳೆದ ಡೀಸೆಲ್ ನೀರನ್ನು ಬಾವಿಯ ಹತ್ತಿರವಾಗಲಿ ತೋಟದ ಕಾಲುವೆಗಾಗಲಿ ಚೆಲ್ಲದೆ, ಅಗಲವಾದ ಬೋಗುಣಿಯಲ್ಲಿ ಹಿಡಿದು, ಗ್ಯಾರೇಜುಗಳಲ್ಲಿ ಹಳೆಯ ಆಯಿಲ್ ಶೇಖರಿಸುವ ಡ್ರಮ್ಮಿಗೆ ಕೊಟ್ಟುಬಿಡಿ.

ಗಾಡಿ ಒಣಗಿದ ಮೇಲೆ ಒಂದು ಗಂಟೆ ಸುಮ್ಮನೆ ಕೂತು ನೋಡಿ. ಯಾವ ಜೋಡಣೆಯಿಂದ ಎಣ್ಣೆ ಜಿನುಗಿದೆ, ಯಾವ ರಬ್ಬರು ಬಿರಿದಿದೆ, ಫ್ರೇಮಿನ ಬೆಸುಗೆಯಲ್ಲಿ ಕೂದಲೆಳೆಯ ಸೀಳಿದೆಯೇ ಎಂಬುದೆಲ್ಲ ಈಗ ಕಾಣುತ್ತದೆ. ಬದಲಿಸಬೇಕಾದ ಭಾಗಗಳ ಪಟ್ಟಿಯನ್ನು ಬರೆಯಬೇಕಾದ ಸಮಯ ಇದು. ಮಾವನ ಮನೆಗೆ ಹೋದ ದಿನ ನಾನು ಬರೆದಿದ್ದ ಪಟ್ಟಿ ತೊಳೆದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಅದರಲ್ಲಿ ಇಲ್ಲದ ಒಂದು ಸಂಗತಿ ಹೊಸದಾಗಿ ಸೇರಿತು: ಏರ್ ಫಿಲ್ಟರಿನ ಡಬ್ಬಿ ತೆರೆದಾಗ ಒಳಗೆ ಒಣಹುಲ್ಲು, ಅಡಿಕೆ ಸಿಪ್ಪೆ ಮತ್ತು ಕಡಿದ ಸ್ಪಂಜಿನ ಚೂರುಗಳಿಂದ ಇಲಿಯೊಂದು ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ಅದನ್ನು ನೋಡದೆ ಕಿಕ್ ಹೊಡೆದಿದ್ದರೆ ಆ ಹುಲ್ಲೆಲ್ಲ ಕಾರ್ಬೊರೇಟರಿಗೆ ಹೋಗುತ್ತಿತ್ತು.

ಪೆಟ್ರೋಲ್ ಟ್ಯಾಂಕು

ನಿಂತ ಗಾಡಿಯಲ್ಲಿ ಅತಿ ಹೆಚ್ಚು ಕೆಡುವುದು ಟ್ಯಾಂಕಿನ ಒಳಮೈ. ಹಳೆಯ ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಟ್ಯಾಂಕನ್ನು ಗಾಡಿಯಿಂದ ಎತ್ತಿ, ಪೆಟ್ರೋಲ್ ಕಾಕನ್ನು ಬಿಚ್ಚಿ, ಆ ರಂಧ್ರವನ್ನು ರಬ್ಬರ್ ತುಂಡು ಮತ್ತು ತಗಡಿನ ಪಟ್ಟಿಯಿಂದ ಬಿಗಿಯಾಗಿ ಮುಚ್ಚಿ. ಒಳಗೆ ಟಾರ್ಚ್ ಹಾಕಿ ನೋಡಿದಾಗ ಬರೀ ಕಂದು ಪುಡಿ ಕಂಡರೆ ಚಿಂತೆಯಿಲ್ಲ. ಪದರ ಪದರವಾಗಿ ಎದ್ದಿದ್ದರೆ ಕೆಲಸ ಸ್ವಲ್ಪ ಹೆಚ್ಚು.

ಮೊದಲು ಸೋಪಿನ ಬಿಸಿನೀರು ಹಾಕಿ ಪೆಟ್ರೋಲಿನ ಜಿಡ್ಡು ಹೋಗುವವರೆಗೆ ಎರಡು ಮೂರು ಬಾರಿ ಕುಲುಕಿ ತೊಳೆಯಿರಿ. ಜಿಡ್ಡು ಉಳಿದರೆ ಮುಂದೆ ಹಾಕುವ ಹುಳಿ ತುಕ್ಕನ್ನು ಮುಟ್ಟುವುದಿಲ್ಲ. ಪದರದ ತುಕ್ಕಿದ್ದರೆ ಇಪ್ಪತ್ತು ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ನೀರಿನೊಂದಿಗೆ ಹತ್ತು ನಿಮಿಷ ಅಲ್ಲಾಡಿಸಿ, ಎಣಿಸಿಯೇ ಹೊರತೆಗೆಯಿರಿ. ಒಂದು ನಟ್ಟು ಉಳಿದರೂ ಅದು ಮುಂದೆ ಪ್ರತಿ ಗುಂಡಿಯಲ್ಲೂ ಸದ್ದು ಮಾಡುತ್ತದೆ.

ಅನಂತರ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಅರ್ಧ ಕಿಲೋ ತಂದು, ಸುಮಾರು 10 ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕಿನ ಕತ್ತಿನವರೆಗೆ ತುಂಬಿ. ಮುಚ್ಚಳವನ್ನು ಬಿಗಿಯಬೇಡಿ, ಏಕೆಂದರೆ ಒಳಗೆ ಅನಿಲ ಹುಟ್ಟುತ್ತದೆ. ಈ ನೀರು ಹೊರಗಿನ ಬಣ್ಣದ ಮೇಲೆ ಚೆಲ್ಲಿ ಒಣಗಿದರೆ ಕಲೆ ಉಳಿಯುವುದರಿಂದ ಟ್ಯಾಂಕಿನ ಬಾಯಿಯ ಸುತ್ತ ವ್ಯಾಸಲೀನ್ ಬಳಿದಿಡಿ. ನಾಲ್ಕು ಗಂಟೆಗೊಮ್ಮೆ ಟ್ಯಾಂಕನ್ನು ಮಗ್ಗುಲು ಬದಲಿಸಿ, ಹನ್ನೆರಡು ಗಂಟೆಯ ನಂತರ ಬೆಳಕು ಹಾಕಿ ನೋಡಿ. ಒಳಮೈ ಬೂದು ಬಣ್ಣಕ್ಕೆ ಬಂದಿದ್ದರೆ ಸಾಕು. ಇಲ್ಲವಾದರೆ ಇನ್ನೂ ಹನ್ನೆರಡು ಗಂಟೆ ಬಿಡಬಹುದು. ಶೌಚಾಲಯ ತೊಳೆಯುವ ಆಸಿಡ್ಡನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಅದು ತುಕ್ಕಿನ ಜೊತೆಗೆ ತಗಡನ್ನೂ ತಿನ್ನುತ್ತದೆ, ಮತ್ತು ಬೆಸುಗೆಯ ಸಂದಿಯಲ್ಲಿ ಉಳಿದು ತಿಂಗಳ ನಂತರ ಸೂಜಿ ಮೊನೆಯಷ್ಟು ತೂತುಗಳನ್ನು ಮಾಡುತ್ತದೆ.

ಹುಳಿನೀರನ್ನು ಚೆಲ್ಲಿದ ಕೂಡಲೇ ಒಂದು ಹಿಡಿ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ ಕುಲುಕಿ, ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಒಣಗಿಸಿ. ಇಲ್ಲಿ ನಿಧಾನ ಮಾಡಿದರೆ ಅರ್ಧ ಗಂಟೆಯಲ್ಲಿ ಹೊಸ ತುಕ್ಕಿನ ಕಿತ್ತಳೆ ಛಾಯೆ ಬಂದೇ ಬರುತ್ತದೆ. ಬಿಸಿಲಿನಲ್ಲಿ ಬಾಯಿ ಕೆಳಗೆ ಮಾಡಿಟ್ಟು, ಪೆಟ್ರೋಲಿನ ವಾಸನೆ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ ಮಾತ್ರ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಾಯಿಸಬಹುದು. ಒಣಗಿದ ತಕ್ಷಣ ನೂರು ಮಿಲಿಲೀಟರ್ 2ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್, ಸುರಿದು, ಎಲ್ಲ ಮೂಲೆಗೂ ತಾಗುವಂತೆ ತಿರುಗಿಸಿ, ಹೆಚ್ಚಾದದ್ದನ್ನು ಬಸಿಯಿರಿ. ಕಾಕಿನ ಒಳಗಿನ ಜಾಲರಿ ಮತ್ತು ರಬ್ಬರ್ ವಾಶರ್ ಹೊಸದಾಗಿರಲಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುವುದರಿಂದ ಆ ಕಾಲದ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹೀಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಟ್ಯಾಂಕು ಮತ್ತು ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿಡಬೇಕು.

ಎಂಜಿನ್

ನಿಂತ ಎಂಜಿನ್ನಿನ ಕಿಕ್ಕರ್ ಮೇಲೆ ಏರಿ ನಿಲ್ಲುವುದು ಎಲ್ಲರೂ ಮಾಡುವ ಮೊದಲ ತಪ್ಪು. ಪಿಸ್ಟನ್ ಹಿಡಿದುಕೊಂಡಿದ್ದರೆ ಆ ಒದೆತಕ್ಕೆ ರಿಂಗು ಮುರಿಯುತ್ತದೆ ಅಥವಾ ಕಿಕ್ಕರಿನ ಹಲ್ಲು ಹೋಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪ್ರಮಾಣದಲ್ಲಿ ಬೆರೆಸಿ ಎರಡು ಚಮಚದಷ್ಟು ಬಿಡಿ. ಎರಡು ಮೂರು ದಿನ ಕಾದು, ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂಚಕ್ರವನ್ನು ಕೈಯಿಂದ ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಆಡಿಸಿ. ಟಾಪ್ ಗೇರಿನಲ್ಲಿ ಚಕ್ರದ ಮೂಲಕ ಬರುವ ಬಲ ಹದವಾಗಿರುತ್ತದೆ ಮತ್ತು ಪಿಸ್ಟನ್ ಸಡಿಲಾದ ಕ್ಷಣ ಕೈಗೆ ಗೊತ್ತಾಗುತ್ತದೆ.

ಸಡಿಲಾದರೂ ಒಮ್ಮೆ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಿ ನೋಡಲೇಬೇಕು. ಹೆಡ್ಡಿನ ನಾಲ್ಕು ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎದುರು ಬದುರಾಗಿ ಕಾಲು ಸುತ್ತಿನಂತೆ ಸಡಿಲಿಸಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟಗಾಗುತ್ತದೆ. ಪಿಸ್ಟನ್ ಓಡಾಡುವ ಬ್ಲಾಕನ್ನು ಮೇಲಕ್ಕೆತ್ತುವಾಗ ಕೆಳಗಿನ ಎಂಜಿನ್ ಬಾಯಿಗೆ ತಕ್ಷಣ ಶುಭ್ರವಾದ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕು ಇಕ್ಕಳದಿಂದ ಚಿಮ್ಮಿ ನೇರವಾಗಿ ಆ ಬಾಯಿಗೇ ಬೀಳುವುದು ಈ ಕೆಲಸದ ಅತಿ ಸಾಮಾನ್ಯ ಅನಾಹುತ, ಮತ್ತು ಅದನ್ನು ತೆಗೆಯಲು ಕೆಲವೊಮ್ಮೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ಪಿಸ್ಟನ್ ತಲೆಯ ಮೇಲಿನ ಕರಿಯನ್ನೂ ಹೆಡ್ಡಿನ ಗುಳಿಯ ಕರಿಯನ್ನೂ ಡೀಸೆಲಿನಲ್ಲಿ ನೆನೆಸಿ ಬಿದಿರ ಸೀಳಿನಿಂದ ತೆಗೆಯಿರಿ. ಸೈಲೆನ್ಸರ್ ಕಡೆಯ ಕಿಂಡಿಯಲ್ಲೂ ಕರಿ ಕಟ್ಟಿರುತ್ತದೆ. ಬ್ಲಾಕಿನ ಒಳಗೋಡೆಯ ಮೇಲೆ ಉಗುರನ್ನು ಆಡಿಸಿ ನೋಡಿ. ಉಗುರಿಗೆ ಸಿಗುವಂಥ ಗೀರಿದ್ದರೆ ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಬೇಕು, ಅಂದರೆ ಒಳಗೋಡೆಯನ್ನು ಕೊರೆಸಿ ಸ್ವಲ್ಪ ಅಗಲ ಮಾಡಿಸಬೇಕು. ಪಿಸ್ಟನ್ನುಗಳು 0.25, 0.50, 0.75, 1.00 ಮಿಲಿಮೀಟರ್ ಹೆಚ್ಚಿನ ಅಳತೆಗಳಲ್ಲಿ ಸಿಗುತ್ತವೆ. ಪಿಸ್ಟನ್ ತಲೆಯ ಮೇಲೆ ಒತ್ತಿರುವ ಅಂಕಿಯಿಂದ ಈಗಾಗಲೇ ಎಷ್ಟು ಬಾರಿ ಬೋರ್ ಆಗಿದೆ ಎಂಬುದು ತಿಳಿಯುತ್ತದೆ. ಪಿಸ್ಟನ್ನನ್ನು ಮೊದಲೇ ಕೊಂಡು, ಅದನ್ನೇ ಅಂಗಡಿಯವರ ಕೈಗಿಟ್ಟು, ಅದರ ಅಳತೆಗೆ ಬೋರ್ ಮಾಡಲು ಹೇಳಿ. ಗೋಡೆ ಚೆನ್ನಾಗಿದ್ದರೆ ರಿಂಗುಗಳನ್ನು ಮಾತ್ರ ಬದಲಿಸಿದರೆ ಸಾಕು. ರಿಂಗನ್ನು ಒಂಟಿಯಾಗಿ ಬ್ಲಾಕಿನೊಳಗೆ ನೇರವಾಗಿ ಕೂರಿಸಿ ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹೊಸ ರಿಂಗಿಗೆ ಇದು ಮಿಲಿಮೀಟರಿನ ಕಾಲುಭಾಗದ ಆಸುಪಾಸು ಇರುತ್ತದೆ. ಮರಳಿ ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು, ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು, ಮತ್ತು ಒಮ್ಮೆ ತೆಗೆದ ಲಾಕುಗಳನ್ನು ಎಸೆದು ಹೊಸದನ್ನೇ ಹಾಕಬೇಕು.

ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡವಾದ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಹಳೆಯ ಟೂ ಸ್ಟ್ರೋಕ್ ಗಾಡಿಗಳ ಅರ್ಧ ಕಾಯಿಲೆಗಳ ಮೂಲ ಇಲ್ಲೇ ಇದೆ. ವರ್ಷಗಟ್ಟಲೆ ನಿಂತಾಗ ಈ ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಎಡಬದಿಯ, ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಡೆಯ ಸೀಲು ಸೋರಿದರೆ ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ, ಮತ್ತು ಪೆಟ್ರೋಲು ಆಯಿಲುಗಳ ಪಾಲು ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿರುತ್ತದೆ. ಬಲಬದಿಯ ಕ್ಲಚ್ ಕಡೆಯ ಸೀಲು ಸೋರಿದರೆ ಗೇರ್ ಆಯಿಲ್ ಒಳಗೆ ಹೋಗಿ ಉರಿಯುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಮಾತ್ರ ವಾರವಾರಕ್ಕೂ ಇಳಿಯುತ್ತದೆ. ಎಷ್ಟೋ ಮಂದಿ ಈ ಹೊಗೆಗೆ ಹೆದರಿ ಸುಮ್ಮನೆ ಬೋರ್ ಮಾಡಿಸಿಬಿಡುತ್ತಾರೆ. ಸೀಲಿನ ಬೆಲೆ ಅದರ ಎದುರು ಏನೂ ಅಲ್ಲ.

ಕಾರ್ಬೊರೇಟರ್ ಮತ್ತು ಆಯಿಲ್ ಪಂಪು

ಮಿಕುನಿ ಕಾರ್ಬೊರೇಟರನ್ನು ಒಂದು ಬಿಳಿ ತಟ್ಟೆಯ ಮೇಲೆ ಬಿಚ್ಚಿ. ಸಣ್ಣ ಭಾಗಗಳು ಬಿಳಿಯ ಮೇಲೆ ಕಳೆದುಹೋಗುವುದಿಲ್ಲ. ತಳದ ಬಟ್ಟಲಿನಲ್ಲಿ ಆರಿದ ಪೆಟ್ರೋಲು ಬೆಲ್ಲದ ಪಾಕದಂತೆ ಕೂತಿರುತ್ತದೆ. ಏರ್ ಸ್ಕ್ರೂವನ್ನು ತೆಗೆಯುವ ಮುನ್ನ ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿ ಬರೆದಿಡಿ; ಲೆಕ್ಕ ತಪ್ಪಿದರೆ ಪೂರ್ತಿ ಒಳಕ್ಕೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತಂದು ಅಲ್ಲಿಂದ ಹೊಂದಿಸಿಕೊಳ್ಳಬಹುದು. ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟುಗಳಿಗೆ ತಂತಿ ತೂರಿಸುವ ಅಭ್ಯಾಸ ಬಹಳ ಕೆಟ್ಟದ್ದು. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಮೈಲೇಜು ಬೀಳುತ್ತದೆ, ಪ್ಲಗ್ಗು ಕರಿ ಹಿಡಿಯುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಗಾಳಿ ಊದಿಸಿ, ಅಷ್ಟಕ್ಕೂ ತೆರೆಯದಿದ್ದರೆ ಮೀನಿನ ಗಾಳದ ನೈಲಾನ್ ಎಳೆಯನ್ನು ಹಾಯಿಸಿ. ಸ್ಲೈಡನ್ನು ಮರಳಿ ಹಾಕುವಾಗ ಅದರ ಕತ್ತರಿಸಿದ ಅಂಚು ಏರ್ ಫಿಲ್ಟರಿನ ಕಡೆಗಿರಬೇಕು. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರೀಡ್ ವಾಲ್ವಿನ ತೆಳು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಸೀಳಿದ್ದರೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಆರ್‌ಎಕ್ಸ್ 100ರಲ್ಲಿ 2ಟಿ ಆಯಿಲನ್ನು ಪೆಟ್ರೋಲಿಗೆ ಬೆರೆಸಬೇಕಾಗಿಲ್ಲ. ಆಟೋಲ್ಯೂಬ್ ಪಂಪು ಬೇರೆ ಟ್ಯಾಂಕಿನಿಂದ ಬೇಕಾದಷ್ಟನ್ನು ಕೊಡುತ್ತದೆ. ಈ ಅನುಕೂಲವೇ ನಿಂತ ಗಾಡಿಗೆ ಮುಳುವಾಗುತ್ತದೆ. ಪೈಪಿನೊಳಗೆ ಗಾಳಿ ಸೇರಿದ್ದರೆ ಪಂಪು ತಿರುಗಿದರೂ ಆಯಿಲ್ ಹೋಗುವುದಿಲ್ಲ, ಮತ್ತು ಕೆಲವೇ ಕಿಲೋಮೀಟರಿನಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪಂಪಿನ ಮೇಲಿನ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಜಿನುಗುವವರೆಗೆ ಕಾದು ಮುಚ್ಚಿ. ಪಂಪಿನ ಕೇಬಲ್ ಆಕ್ಸಿಲರೇಟರಿಗೆ ತಕ್ಕಂತೆ ಅದರ ಗುರುತಿಗೆ ಹೊಂದುತ್ತಿದೆಯೇ ಎಂದೂ ನೋಡಿ. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಟ್ಯಾಂಕಿನ ಪೆಟ್ರೋಲಿಗೆ ಲೀಟರಿಗೆ 20 ಮಿಲಿಲೀಟರಿನಂತೆ 2ಟಿ ಆಯಿಲ್ ಬೆರೆಸಿಯೇ ಓಡಿಸಿ. ಹೊಗೆ ಹೆಚ್ಚಾಗುತ್ತದೆ, ಆದರೆ ಪಂಪಿನ ಮೇಲೆ ನಂಬಿಕೆ ಬರುವವರೆಗೆ ಎಂಜಿನ್ ಉಳಿಯುತ್ತದೆ.

ಸೈಲೆನ್ಸರ್, ವೈರು, ಚಕ್ರಗಳು

ಸೈಲೆನ್ಸರಿನ ಹಿಂತುದಿಯ ಸಣ್ಣ ಬೋಲ್ಟು ಬಿಚ್ಚಿ, ಸದ್ದು ತಗ್ಗಿಸುವ ಬ್ಯಾಫಲ್ ಕೊಳವೆಯನ್ನು ಇಕ್ಕಳದಿಂದ ಎಳೆದರೆ ಅದು ಇದ್ದಿಲಿನಂತೆ ಕಪ್ಪಾಗಿ ಹೊರಬರುತ್ತದೆ. ಬಯಲಿನಲ್ಲಿ ಬೆಂಕಿಗೆ ಹಿಡಿದು ಜಿಡ್ಡು ಸುಟ್ಟುಹೋಗುವಂತೆ ಮಾಡಿ, ಆರಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ ಮರಳಿ ಹಾಕಿ. ಸದ್ದಿಗಾಗಿ ಬ್ಯಾಫಲ್ ತೆಗೆದು ಓಡಿಸುವುದು ಕಾನೂನಿಗೆ ವಿರುದ್ಧ. ಊರಿನ ಹಸುಗೂಸುಗಳಿಗೂ ಮುದುಕರಿಗೂ ಅದರಿಂದ ಹಿಂಸೆ. ಈ ಗಾಡಿಯ ಸಹಜ ಸದ್ದೇ ಸಾಕಷ್ಟು ಚೆಂದವಾಗಿದೆ.

ವೈರಿಂಗಿನಲ್ಲಿ ಇಲಿ ಕಡಿದ ಜಾಗಗಳನ್ನು ಮೊದಲು ಹುಡುಕಿ. ಪ್ರತಿ ಕನೆಕ್ಟರನ್ನು ಬಿಚ್ಚಿ, ಹಸಿರು ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಮತ್ತೆ ಒತ್ತಿ ಕೂರಿಸಿದರೆ ಅರ್ಧ ದೋಷಗಳು ತಾವಾಗಿ ಹೋಗುತ್ತವೆ. ಪ್ಲಗ್ಗಿಗೆ ಕಿಡಿ ಒದಗಿಸುವ ಈ ಗಾಡಿಯ ಸಿಡಿಐ ಮ್ಯಾಗ್ನೆಟ್ಟಿನಿಂದಲೇ ವಿದ್ಯುತ್ ಪಡೆಯುವುದರಿಂದ ಬ್ಯಾಟರಿ ಸತ್ತಿದ್ದರೂ ಪ್ಲಗ್ಗಿನಲ್ಲಿ ಕಿಡಿ ಬರಬೇಕು. ಬಾರದಿದ್ದರೆ ಅರ್ತ್ ಬೋಲ್ಟುಗಳನ್ನು ನೋಡಿ, ವಿಶೇಷವಾಗಿ ಫ್ರೇಮಿಗೆ ಹೊಸ ಬಣ್ಣ ಹಾಕಿಸಿದ್ದರೆ. ಬೋಲ್ಟಿನ ಅಡಿಯ ಬಣ್ಣವನ್ನು ಉಜ್ಜಿ ಲೋಹ ಕಾಣುವಂತೆ ಮಾಡದೆ ಅರ್ತ್ ಸಿಗುವುದಿಲ್ಲ. ಪ್ಲಗ್ಗಿನ ಸಂದು 0.6ರಿಂದ 0.7 ಮಿಲಿಮೀಟರ್ ಇರಲಿ.

ಬ್ರೇಕ್ ಡ್ರಮ್ ತೆರೆದಾಗ ಒಳಗಿನ ಪುಡಿಯನ್ನು ಬಾಯಿಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆಯಿರುವುದರಿಂದ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಪೊಟ್ಟಣ ಕಟ್ಟಿ ಎಸೆಯಿರಿ. ಶೂಗಳನ್ನು ತೆರೆಯುವ ಕ್ಯಾಮಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯನ್ನು ಓದಿ. 2419 ಎಂದಿದ್ದರೆ ಅದು 2019ರ 24ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರು ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಿಸಲೇಬೇಕು. ವಾಶರು, ಪೈಪು, ಲಾಕುಗಳಂಥ ಸಣ್ಣಪುಟ್ಟವನ್ನು ಬಿಟ್ಟರೆ, ಈ ಲೇಖನದಲ್ಲಿ ನಾನು ಹಿಂದೆಮುಂದೆ ನೋಡದೆ ಹೊಸದನ್ನು ತನ್ನಿ ಎನ್ನುವುದು ಟೈರು, ಟ್ಯೂಬು, ಬ್ರೇಕ್ ಶೂ ಮತ್ತು ಕೇಬಲ್ಲುಗಳಿಗೆ ಮಾತ್ರ.

ಕ್ರೋಮ್ ಮತ್ತು ಬಣ್ಣ

ರಿಮ್ಮು, ಹ್ಯಾಂಡಲ್, ಮಡ್‌ಗಾರ್ಡುಗಳ ಕ್ರೋಮಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕಿದ್ದರೆ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದ್ದರಿಂದ ಹೊಳಪಿಗೆ ಗೀರಾಗದೆ ತುಕ್ಕು ಮಾತ್ರ ಕಂದು ಕೆಸರಾಗಿ ಬರುತ್ತದೆ. ನೋಡನೋಡುತ್ತಿದ್ದಂತೆ ಕಂದು ರಿಮ್ಮಿನಲ್ಲಿ ನಿಮ್ಮ ಮುಖ ಕಾಣತೊಡಗುವ ಆ ಹೊತ್ತು ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು. ಒರೆಸಿ ಒಣಗಿಸಿ ಮೇಣದ ಪಾಲಿಶ್ ಹಚ್ಚಿ. ಕ್ರೋಮ್ ಎದ್ದುಹೋಗಿ ಗುಳಿ ಬಿದ್ದಿದ್ದರೆ ಮಾತ್ರ ಮರುಲೇಪನ ಮಾಡಿಸಬೇಕು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾದದ್ದು: ಕಂಪನಿಯ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಮಂಕಾದ ಬಣ್ಣವನ್ನು 2000 ನಂಬರಿನ ವಾಟರ್ ಪೇಪರಿನಿಂದ ಸೋಪಿನ ನೀರಿನಲ್ಲಿ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಒಳಗಿನ ಬಣ್ಣ ಮೇಲೆದ್ದು ಬರುತ್ತದೆ. ಸ್ಟಿಕ್ಕರಿನ ಅಂಚಿನಲ್ಲಿ ಮಾತ್ರ ಕೈ ನಿಲ್ಲಿಸಿ. ಹೊಸ ಬಣ್ಣವನ್ನು ಯಾವತ್ತೂ ಹಾಕಿಸಬಹುದು, ಆದರೆ ಕಾರ್ಖಾನೆಯ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು. ಮಾವನ ಗಾಡಿಯ ಟ್ಯಾಂಕಿನ ಒಂದು ಡೊಂಕನ್ನು ತೆಗೆಯಲು ಕೊಟ್ಟಿದ್ದ ಪೇಂಟಿಂಗ್ ಅಂಗಡಿಯವರು ಹೇಳದೆ ಕೇಳದೆ ಇಡೀ ಟ್ಯಾಂಕನ್ನು ಕೆರೆದು, ಪಕ್ಕದ ಒರಿಜಿನಲ್ ಲಾಂಛನಗಳನ್ನೂ ಕಸಕ್ಕೆ ಹಾಕಿದ್ದರು. ಅದರ ನೋವು ನನಗಿನ್ನೂ ಇದೆ. ಹೊರಗೆ ಕೊಡುವ ಭಾಗದಿಂದ ಲಾಂಛನ, ರಬ್ಬರು, ಮುಚ್ಚಳಗಳನ್ನೆಲ್ಲ ನೀವೇ ಬಿಚ್ಚಿ ಮನೆಯಲ್ಲಿಟ್ಟುಕೊಂಡು, ಏನು ಮಾಡಬೇಕು ಮತ್ತು ಏನು ಮಾಡಬಾರದು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ.

ಕಳೆದುಹೋದ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಹುಡುಕಬಹುದು. ನಿಮ್ಮ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಎರಡನ್ನೂ ಅಕ್ಕಪಕ್ಕ ಇಟ್ಟು, ತೂಕ ಮತ್ತು ಎರಕದ ಅಂಚುಗಳನ್ನು ಹೋಲಿಸಿ ಕೊಳ್ಳಿ.

ಕಾಗದಪತ್ರ ಮತ್ತು ಮೊದಲ ಓಟ

ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತಪಾಸಣೆ ಮಾಡಿಸಬೇಕು. ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು. ಬಣ್ಣ ಬದಲಿಸಿದ್ದರೆ ಅದನ್ನು ಆರ್‌ಸಿಯಲ್ಲಿ ಬರೆಸಬೇಕು. ಚಾಸಿಸ್ ನಂಬರಿನ ಮೇಲೆ ದಪ್ಪ ಬಣ್ಣ ಕೂತು ಅಂಕಿ ಮುಚ್ಚಿಹೋಗಿದ್ದರೆ ತಪಾಸಣೆಯಲ್ಲಿ ತೊಂದರೆಯಾಗುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನದ ನಿಯಮಗಳು 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ಆದ್ದರಿಂದ ಆರ್‌ಎಕ್ಸ್ 100 ಅದರಡಿ ಬರುವುದಿಲ್ಲ.

ಮೊದಲ ಬಾರಿ ಸ್ಟಾರ್ಟ್ ಮಾಡುವ ದಿನ ಗೇರ್ ಆಯಿಲ್ ಹೊಸದಾಗಿರಲಿ. ಕ್ಲಚ್ಚು ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕದೆ ಬೈಕಿನದ್ದನ್ನೇ ಹಾಕಿ. ಪ್ಲಗ್ ತೆಗೆದಿಟ್ಟು ಹತ್ತು ಹನ್ನೆರಡು ಬಾರಿ ಕಿಕ್ಕರ್ ಆಡಿಸಿ ಆಯಿಲ್ ಎಲ್ಲ ಕಡೆ ತಲುಪಿದ ಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಕಿಕ್ ಹೊಡೆಯಿರಿ. ಮೊದಲ ಐದು ನಿಮಿಷದ ದಟ್ಟ ಹೊಗೆ ಒಳಗೆ ಬಿಟ್ಟ ಡೀಸೆಲ್ ಮತ್ತು ಆಯಿಲಿನದ್ದು; ಅದು ತಾನಾಗಿ ತೆಳುವಾಗಬೇಕು. ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರಿನ ಜೋಡಣೆಯ ಸುತ್ತ ಸೋಪಿನ ನೀರು ಸಿಂಪಡಿಸಿ. ಎಂಜಿನ್ ವೇಗ ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ.

ಮೊದಲ ಓಟ ಊರೊಳಗೇ ಎರಡು ಮೂರು ಕಿಲೋಮೀಟರ್ ಇರಲಿ. ಕ್ಲಚ್ಚಿನ ಮೇಲೆ ಎರಡು ಬೆರಳು ಸದಾ ಇರಲಿ. ಎಂಜಿನ್ ಬಿಗಿಯಾದಂತೆ ಅನಿಸಿದ ಕ್ಷಣ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಬೇಕು. ಬೋರ್ ಮಾಡಿಸಿದ್ದರೆ ಮೊದಲ 500 ಕಿಲೋಮೀಟರ್ ಅರ್ಧ ಆಕ್ಸಿಲರೇಟರ್ ದಾಟದೆ, ಒಂದೇ ವೇಗದಲ್ಲಿ ದೀರ್ಘವಾಗಿ ಓಡಿಸದೆ, ಏರು ಹತ್ತುವಾಗ ಕೆಳಗಿನ ಗೇರ್ ಹಾಕಿ ಸಾಗಿ. ಐವತ್ತು ಕಿಲೋಮೀಟರ್ ಆದ ಮೇಲೆ, ಎಂಜಿನ್ ಪೂರ್ತಿ ತಣ್ಣಗಾದಾಗ, ಹೆಡ್ಡಿನ ನಟ್ಟುಗಳನ್ನು ಎದುರು ಬದುರಾಗಿ ಮತ್ತೊಮ್ಮೆ ಬಿಗಿಯಿರಿ. ಆಗಲೇ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ: ಬಿಳಿಚಿದ್ದರೆ ಪೆಟ್ರೋಲು ಸಾಲದು ಅಥವಾ ಎಲ್ಲೋ ಗಾಳಿ ಸೋರುತ್ತಿದೆ, ಒದ್ದೆ ಕಪ್ಪಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚಾಗಿದೆ, ಹುರಿದ ಕಾಫಿಪುಡಿಯ ಬಣ್ಣವಿದ್ದರೆ ಸರಿಯಾಗಿದೆ, ಅದೇ ಪ್ಲಗ್ಗನ್ನು ಮರಳಿ ಹಾಕಿ.